ದೆವ್ವದ ಕತೆಗೆ ಹೂಂ ಅನ್ನೋರು ಬೇಕು

ನಮಸ್ಕಾರ. ಇವತ್ತು ದೆವ್ವದ ಕತೆಗಳ ಬಗ್ಗೆ ಮಾತಾಡೋಣ. ದೆವ್ವ ಇದೆಯೋ ಇಲ್ಲವೋ ಅನ್ನುವ ಚರ್ಚೆ ಬೇಡ. ಅಷ್ಟು ಹೆದರಿದರೂ ನಾವು ಮತ್ತೆ ಮತ್ತೆ ಅದನ್ನೇ ಯಾಕೆ ಕೇಳುತ್ತೇವೆ, ಯಾಕೆ ನೋಡುತ್ತೇವೆ? ನನಗೆ ಉತ್ತರ ಸಿಕ್ಕಿದ್ದು ನಮ್ಮಜ್ಜಿಯಿಂದ.

ಕರೆಂಟು ಹೋದ ರಾತ್ರಿ ಅಜ್ಜಿ ಕತೆ ಶುರು ಮಾಡುತ್ತಿದ್ದರು. ಒಂದೇ ಷರತ್ತು, ನಾವು ಹೂಂಗುಟ್ಟಬೇಕು. ಹುಣಸೆಮರದ ಕೆಳಗೆ ಬಿಳಿ ಸೀರೆಯವಳು ನಿಂತಿದ್ದಳಂತೆ. ಹೂಂ. ಎಲೆಗೆ ಹಚ್ಚೋಕೆ ಸುಣ್ಣ ಕೇಳಿದಳಂತೆ. ಹೂಂ. ಕೊಡೋಕೆ ಅಂತ ಬಗ್ಗಿ ನೋಡಿದರೆ ಪಾದ ಹಿಂದುಮುಂದು! ಇಲ್ಲಿಗೆ ಬರುವಷ್ಟರಲ್ಲಿ ಹೂಂ ಸಣ್ಣದಾಗಿರುತ್ತಿತ್ತು. ಒಬ್ಬರ ದನಿ ನಿಂತರೂ ಅಜ್ಜಿಗೆ ಗೊತ್ತಾಗುತ್ತಿತ್ತು. ಕತ್ತಲಲ್ಲೇ ಕೈ ಚಾಚಿ ಆ ಮಗುವಿನ ಕಾಲು ಮುಟ್ಟಿ ನೋಡುತ್ತಿದ್ದರು. ಕಾಲು ತಣ್ಣಗಿದ್ದರೆ ಕತೆಯ ದಾರಿಯಲ್ಲಿ ಒಂದು ಎತ್ತಿನ ಗಾಡಿ ಬಂದೇಬಿಡುತ್ತಿತ್ತು. ಗಾಡಿಯ ಕೆಳಗೆ ತೂಗುವ ಲಾಟೀನು, ಎತ್ತಿನ ಕೊರಳಲ್ಲಿ ಗಂಟೆ. ನಾವೆಲ್ಲ ಉಸಿರು ಬಿಡುತ್ತಿದ್ದೆವು. ಕಾಲು ಬೆಚ್ಚಗಿದ್ದರೆ ಗಾಡಿ ಬರುತ್ತಿರಲಿಲ್ಲ.

ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದವರು ಇದನ್ನೇ ಯಂತ್ರ ಇಟ್ಟು ಅಳೆದಿದ್ದಾರೆ. ಜನರನ್ನು ಹೆದರಿಸುವುದಕ್ಕೆಂದೇ ಸಿದ್ಧಮಾಡಿದ ಒಂದು ಮನೆಗೆ 110 ಜನರನ್ನು ಕಳಿಸಿದರು. ಅವರ ಎದೆಬಡಿತ ದಾಖಲಿಸಿದರು, ಎಷ್ಟು ಖುಷಿಯಾಯಿತು ಅಂತ ಕೇಳಿದರು. 2020ರಲ್ಲಿ ಫಲಿತಾಂಶ ಬಂತು. ಭಯ ಕಡಿಮೆಯಾದರೂ ಮಜಾ ಇಲ್ಲ, ಜಾಸ್ತಿಯಾದರೂ ಇಲ್ಲ. ನಡುವೆ ಎಲ್ಲೋ ಒಂದು ಹದ ಇದೆ. ಓದಿದಾಗ ನನ್ನ ಕಾಲಿನ ಮೇಲೆ ಅಜ್ಜಿಯ ಕೈ ಇಟ್ಟ ಹಾಗಾಯಿತು.

ನಿಜವಾದ ಭಯಕ್ಕೆ ಈ ಹದ ಇಲ್ಲ, ಅಲ್ವಾ? ಆಸ್ಪತ್ರೆಯ ವರಾಂಡದಲ್ಲಿ ಕೂತವರ ಕಾಲು ಮುಟ್ಟಿ ನೋಡಿ, ಇವತ್ತಿಗೆ ಸಾಕು ಅನ್ನೋರು ಯಾರೂ ಇರುವುದಿಲ್ಲ. ಅದಕ್ಕೇ ಯಾರೋ ಹದ ನೋಡಿ ಬಡಿಸುವ ಭಯ ನಮಗೆ ಬೇಕು. ಜೊತೆಗೆ ಹೆದರುವವರೂ ಬೇಕು.

2004ರಲ್ಲಿ 'ಆಪ್ತಮಿತ್ರ' ನೋಡಿದವರಿಗೆ ಇದು ಗೊತ್ತು. ಅದು 1993ರ ಮಲಯಾಳಂ ಚಿತ್ರದಿಂದ ಬಂದ ಕತೆ. ನಾಯಕಿ ಸೌಂದರ್ಯ ಆ ವರ್ಷ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು, ಸಿನಿಮಾ ಬಂದದ್ದು ಆಗಸ್ಟ್‌ನಲ್ಲಿ. ಇನ್ನಿಲ್ಲದ ಹೆಣ್ಣುಮಗಳು ಪರದೆಯ ಮೇಲೆ ನಾಗವಲ್ಲಿಯಾಗಿ ಕಣ್ಣರಳಿಸಿದಾಗ ನಮ್ಮ ಚಿತ್ರಮಂದಿರದಲ್ಲಿ ಕಡ್ಲೆಕಾಯಿ ಸಿಪ್ಪೆಯ ಸದ್ದೂ ನಿಂತಿತ್ತು. ಹಿಂದೆ ಎಲ್ಲೋ ಒಂದು ಮಗು ಅತ್ತಿತು. ಬಾಲ್ಕನಿಯಿಂದ ಯಾರೋ ಶಿಳ್ಳೆ ಹೊಡೆದರು. ಇಡೀ ಚಿತ್ರಮಂದಿರ ನಕ್ಕಿತು. ಆ ಶಿಳ್ಳೆ ಇತ್ತಲ್ಲ, ಅದೇ ಎತ್ತಿನ ಗಾಡಿ. ಈಗ ಟಿವಿಯಲ್ಲಿ ಬಂದರೂ ನಮ್ಮ ಮನೆಯಲ್ಲಿ ಯಾರೂ ಚಾನೆಲ್ ಬದಲಿಸುವುದಿಲ್ಲ. ಮುಂದೇನು ಅಂತ ಎಲ್ಲರಿಗೂ ಗೊತ್ತು, ಆದರೂ ಕೂರುತ್ತೇವೆ.

ಇವತ್ತಿನ ಎಷ್ಟೋ ಹಾರರ್ ಚಿತ್ರಗಳ ಬಗ್ಗೆ ನನಗೆ ಬೇಜಾರಿರುವುದೂ ಇದಕ್ಕೇ. ಸುಮ್ನೆ ಇದ್ದಕ್ಕಿದ್ದಂತೆ ಕಿವಿ ಕಿತ್ತುಹೋಗುವ ಸದ್ದು ಹಾಕಿಬಿಟ್ಟರೆ ಬೆಚ್ಚಿಬೀಳುತ್ತೇವೆ, ಅಷ್ಟೆ. ಅದು ಹೆದರಿಸುವುದಲ್ಲ. ನೋಡುವವರ ಕಾಲು ತಣ್ಣಗಾಯಿತೇ ಅಂತ ಆ ನಿರ್ದೇಶಕರು ಕೇಳಿಕೊಂಡೇ ಇಲ್ಲ. ರಾತ್ರಿ ಹೊದಿಕೆಯೊಳಗೆ ಇಯರ್‌ಫೋನ್ ಹಾಕಿ ಒಬ್ಬರೇ ನೋಡುವವರಿಗೆ ನನ್ನದೊಂದು ಮನವಿ. ಪಕ್ಕದ ಕೋಣೆಯಲ್ಲಿ ತಂಗಿ ಇದ್ದರೆ ಎಬ್ಬಿಸಿ. ದೊಡ್ಡವರನ್ನೂ ಕರೆಯಿರಿ.

1990ರ ದಶಕದಲ್ಲಿ ಬೆಂಗಳೂರಿನಲ್ಲಿ, ಇನ್ನೂ ಎಷ್ಟೋ ಊರುಗಳಲ್ಲಿ, ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿರುತ್ತಿದ್ದರು. ಹೆಣ್ಣು ದೆವ್ವ ರಾತ್ರಿ ಬಂದು ಪರಿಚಯದವರ ದನಿಯಲ್ಲಿ ಕರೆಯುತ್ತದೆ, ಇದನ್ನು ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ನಾವು ಮಕ್ಕಳು ಸಂಜೆ ಆಟ ಮುಗಿಸಿ, ಬೀದಿಯ ಒಂದೊಂದೇ ಬಾಗಿಲು ಓದಿಕೊಂಡು ಮನೆಗೆ ಬರುತ್ತಿದ್ದೆವು. ಒಂದು ದಿನ ಮೂಲೆಮನೆಯ ಅಕ್ಷರ ಮಳೆಗೆ ಅಳಿಸಿತ್ತು. ಎದೆ ಡವಡವ. ಎಲ್ಲರೂ ಸೇರಿ ಬಾಗಿಲು ಬಡಿದೆವು. ಒಬ್ಬರೇ ಇದ್ದ ಆ ಮನೆಯ ತಾತ ಆಚೆ ಬಂದರು, ನೋಡಿದರು, ಒಳಗೆ ಹೋಗಿ ಸೀಮೆಸುಣ್ಣ ತಂದು ನನ್ನ ಕೈಗೆ ಕೊಟ್ಟರು.

"ದೊಡ್ಡದಾಗಿ ಬರಿಯೋ ಮರಿ" ಅಂದರು. "ಅವಳಿಗೆ ಕಣ್ಣು ಮಂಜಾಗಿದ್ದರೆ?"