1 ಗ್ರಾಂ ಇದ್ದಿಲಿನಲ್ಲಿ 20 ಗುಂಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಇದ್ದಿಲಿನ ಚೂರು ಸಿಕ್ಕರೆ ಒಂದು ಕೆಲಸ ಮಾಡಿ ನೋಡಿ. ಗಾಜಿನ ಲೋಟದ ತುಂಬ ನೀರು ತೆಗೆದುಕೊಳ್ಳಿ. ಆ ಚೂರನ್ನು ಕಡ್ಡಿಯಿಂದ ಒಳಕ್ಕೆ ಒತ್ತಿ ಹಿಡಿಯಿರಿ. ಸಣ್ಣ ಸಣ್ಣ ಗುಳ್ಳೆ ಸಾಲುಗಟ್ಟಿ ಮೇಲೆ ಬರುತ್ತವೆ. ಇದ್ದಿಲಿನ ಒಳಗೆ ಕೂತಿದ್ದ ಗಾಳಿ ಅದು. ನೋಡಲು ಕಲ್ಲಿನ ಹಾಗೆ, ಒಳಗೆಲ್ಲ ತೂತು. ಮರ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಏರುತ್ತಿದ್ದ ಕೊಳವೆಗಳು ಇದ್ದಿಲಾದ ಮೇಲೂ ಹಾಗೇ ಉಳಿದಿರುತ್ತವೆ. ಇವತ್ತಿನ ನನ್ನ ಮಾತು ಆ ತೂತುಗಳ ಬಗ್ಗೆ. ಅವುಗಳಲ್ಲಿ ಕರೆಂಟು ಕೂಡಿಡಬಹುದು.

ನಾನು ಗಂಗಾವತಿ ಕಡೆಯವನು. ಸುಗ್ಗಿ ಬಂತೆಂದರೆ ನಮ್ಮಲ್ಲಿ, ಕಾರಟಗಿಯಲ್ಲಿ, ಸಿಂಧನೂರಿನಲ್ಲಿ ಮಿಲ್ಲುಗಳ ಹಿಂದೆ ಹೊಟ್ಟಿನ ಗುಡ್ಡ ಏಳುತ್ತದೆ. 75 ಕೆಜಿಯ ನೆಲ್ಲಿನ ಚೀಲಕ್ಕೆ ಹೆಚ್ಚುಕಮ್ಮಿ 15 ಕೆಜಿ ಹೊಟ್ಟು. ಅದನ್ನು ಸುಟ್ಟರೆ 3 ಕೆಜಿ ಬೂದಿ. ನಾನು ಹುಡುಗನಿದ್ದಾಗ ಊರಾಚೆಯ ಒಂದು ಮಿಲ್ಲಿನ ಬೂದಿ ಹಾರಿ ಬಂದು ಅವ್ವ ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಜಾಡಿಸಿದರೆ ಕಪ್ಪು ಗೆರೆ. ಅವ್ವ ಮಾತಾಡದೆ ಮತ್ತೆ ಒಗೆಯುತ್ತಿದ್ದಳು. ಅತ್ತ ರಾಯಚೂರು ಕಡೆ ಹೋದರೆ ಹತ್ತಿ ಬಿಡಿಸಿದ ಮೇಲೆ ಕಟ್ಟಿಗೆ ಕಿತ್ತು ಹೊಲದಲ್ಲೇ ಬೆಂಕಿ ಹಚ್ಚುವುದನ್ನು ನೀವೂ ನೋಡಿದ್ದೀರಿ.

ಸುಮ್ನೆ ಸುಟ್ಟರೆ ಬೂದಿ. ಗಾಳಿ ತಾಕದ ಹಾಗೆ ಸುಟ್ಟರೆ ಇದ್ದಿಲು. ಇದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಬಳ್ಳಾರಿ ಜಾಲಿ ಕಡಿದು, ಒಟ್ಟಿ, ಮೇಲೆ ಮಣ್ಣು ಮೆತ್ತಿ ಇದ್ದಿಲು ಮಾಡುವವರು ನಮ್ಮಲ್ಲೇ ಇದ್ದಾರೆ. ಮೊದಲು ದಟ್ಟ ಬಿಳಿ ಹೊಗೆ, ಆಮೇಲೆ ತೆಳು ನೀಲಿ ಹೊಗೆ. ಆ ಬಣ್ಣ ನೋಡಿಯೇ ಅವರು ಕಂಡಿ ಮುಚ್ಚುತ್ತಾರೆ.

ಆದರೆ ಒಲೆಯ ಇದ್ದಿಲಿಗೆ ಇರುವ ತೂತು ಸಾಲದು. ಅದಕ್ಕೇ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬೆರೆಸಿ, ಗಾಳಿಯಿಲ್ಲದ ಕುಲುಮೆಯಲ್ಲಿ 700, 800 ಡಿಗ್ರಿಗೆ ಮತ್ತೆ ಕಾಯಿಸುತ್ತಾರೆ. ಗೆದ್ದಲು ಮರ ತಿಂದ ಹಾಗೆ ಅದು ಕಾರ್ಬನ್ನನ್ನು ಕೊರೆಯುತ್ತದೆ. ಆಗ ಏಳುವ ತೂತುಗಳು ಎಷ್ಟು ಸಣ್ಣವೆಂದರೆ, ತಲೆಗೂದಲಿನ ಅಗಲದಲ್ಲಿ ಹತ್ತಾರು ಸಾವಿರ ಸಾಲಾಗಿ ನಿಲ್ಲುತ್ತವೆ. ನಮ್ಮ ಹೊಟ್ಟಿಗೆ ಇಲ್ಲೊಂದು ಅನುಕೂಲವಿದೆ. ಅದರ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನದೇ ಸರಕು. ಇದ್ದಿಲಿನಿಂದ ಅದನ್ನು ಕ್ಷಾರದಲ್ಲಿ ಕರಗಿಸಿ ತೆಗೆದರೆ ಅದು ಕೂತಿದ್ದ ಜಾಗವೆಲ್ಲ ತೂತು. ನೆಲ್ಲು ತಾನೇ ಅಚ್ಚು ಹಾಕಿಕೊಟ್ಟಂತೆ.

ಒಳ್ಳೆಯ ಮಾಲಾದರೆ, 1 ಗ್ರಾಂನ ಒಳಗೋಡೆಗಳನ್ನೆಲ್ಲ ಬಿಚ್ಚಿ ಹಾಸಿದಾಗ 2000 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ 20 ಗುಂಟೆ. ಒಂದು ಚಿಟಿಕೆ ಪುಡಿಯಲ್ಲಿ ಅರ್ಧ ಎಕರೆ!

ಇಷ್ಟು ಜಾಗ ಯಾಕೆ ಬೇಕು? ಬ್ಯಾಟರಿ ನಮ್ಮ ಹಿರಿಯರು ನೆಲದೊಳಗೆ ಕಾಳು ಕೂಡಿಡುತ್ತಿದ್ದ ಹಗೇವಿನ ಹಾಗೆ. ಜೋಳ ಜಾಸ್ತಿ ಹಿಡಿಯುತ್ತದೆ, ಆದರೆ ತುಂಬಲು ಹೊತ್ತು ಬೇಕು, ತೆಗೆಯಲೂ ಹೊತ್ತು ಬೇಕು. ಕರೆಂಟು ಕೂಡಿಡುವ ಇನ್ನೊಂದು ಸಾಧನವಿದೆ, ಸೂಪರ್ ಕೆಪಾಸಿಟರ್. ಅದು ಊರ ಬಾಗಿಲಿನ ಅಗಸಿ ಕಟ್ಟೆಯ ಹಾಗೆ. ಬಂದವರು ಕೂತರು, ಕರೆದ ಕೂಡಲೇ ಎದ್ದು ಹೋದರು. ಎರಡು ಕಾರ್ಬನ್ ಹಾಳೆ, ನಡುವೆ ಉಪ್ಪು ಕರಗಿದ ದ್ರವ. ಅದರಲ್ಲಿನ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ತೂತುಗಳ ಗೋಡೆಗೆ ಬಂದು ಕೂರುತ್ತವೆ, ಅಷ್ಟೇ. ಕಟ್ಟೆ ಉದ್ದವಾದಷ್ಟೂ ಜನ ಹೆಚ್ಚು. ರಾಸಾಯನಿಕ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಲಕ್ಷಗಟ್ಟಲೆ ಸಲ ತುಂಬಿ ತೆಗೆದರೂ ಬೇಗ ಸವೆಯುವುದಿಲ್ಲ. ತೂತಿನ ಕಾರ್ಬನ್‌ನಿಂದ ಮಾಡಿದ ಇಂಥದ್ದಕ್ಕೆ ಅಮೆರಿಕದಲ್ಲಿ 1957ರಲ್ಲೇ ಪೇಟೆಂಟ್ ಸಿಕ್ಕಿತ್ತು. ಇವತ್ತು ಮಾರುಕಟ್ಟೆಯಲ್ಲಿರುವ ಹಲವು ಸೂಪರ್ ಕೆಪಾಸಿಟರ್‌ಗಳಲ್ಲಿರುವುದು ತೆಂಗಿನ ಚಿಪ್ಪಿನ ಇದ್ದಿಲು.

ಇದರಿಂದ ರಾತ್ರಿಯಿಡೀ ಪಂಪ್‌ಸೆಟ್ ಓಡಿಸಬಹುದೇ ಎಂದು ಕೇಳಿದರೆ, ಇಲ್ಲ. ಕಿಲೋಗೆ 5ರಿಂದ 10 ವ್ಯಾಟ್-ಅವರ್ ಹಿಡಿದರೆ ದೊಡ್ಡದು. ಲಿಥಿಯಂ ಬ್ಯಾಟರಿ 150ಕ್ಕೂ ಹೆಚ್ಚು ಹಿಡಿಯುತ್ತದೆ. ಗಳಿಗೆಯಲ್ಲಿ ಆಗಬೇಕಾದ ಕೆಲಸಕ್ಕೆ ಮಾತ್ರ ಇದು ಸರಿ. ಕುಷ್ಟಗಿ, ಯಲಬುರ್ಗಾ ದಾರಿಯಲ್ಲಿ ದೊಡ್ಡ ಗಾಳಿಯಂತ್ರ ನೋಡಿದ್ದೀರಲ್ವಾ? ಅಂಥ ಯಂತ್ರಕ್ಕೆ ಕರೆಂಟು ಥಟ್ಟನೆ ಹೋದರೆ, ರೆಕ್ಕೆಯನ್ನು ಗಾಳಿಗೆ ಓರೆ ತಿರುಗಿಸಿ ನಿಲ್ಲಿಸಬೇಕು. ಹಲವು ಗಾಳಿಯಂತ್ರಗಳಲ್ಲಿ ಆ ಕೆಲಸಕ್ಕೆ ಬೇಕಾದ ಶಕ್ತಿ ಕೊಡುವುದು ಸೂಪರ್ ಕೆಪಾಸಿಟರೇ.

ನನಗೆ ಜಾಸ್ತಿ ಆಸೆ ಇರುವುದು ಸೋಡಿಯಂ ಬ್ಯಾಟರಿ ಮೇಲೆ. ಲಿಥಿಯಂ ಬ್ಯಾಟರಿಯಲ್ಲಿ ಗ್ರಾಫೈಟ್, ಅಂದರೆ ಪದರಗಳು ಒಪ್ಪವಾಗಿ ಜೋಡಿಸಿದಂತಿರುವ ಕಾರ್ಬನ್ ಇರುತ್ತದೆ. ಸೋಡಿಯಂ ಅದರೊಳಗೆ ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಪದರಗಳು ಅಡ್ಡಾದಿಡ್ಡಿಯಾಗಿರುವ ಹಾರ್ಡ್ ಕಾರ್ಬನ್ ಬೇಕು. ಅದನ್ನು ಗಿಡದ ಕಡ್ಡಿ, ಸಿಪ್ಪೆಗಳಿಂದ ಮಾಡಬಹುದು. ಹೊಟ್ಟಿಗೆ ಈಗಾಗಲೇ ಬಾಯ್ಲರ್‌ಗಳಲ್ಲಿ ಬೆಲೆ ಇದೆ. ಹೊಲದಲ್ಲಿ ಬೂದಿಯಾಗುವ ಹತ್ತಿ ಕಟ್ಟಿಗೆಯೇ ಮೊದಲು ಈ ದಾರಿ ಹಿಡಿಯಲಿ ಎಂಬುದು ನನ್ನ ಆಸೆ. ಹೊಲದಿಂದ ಹೊಲಕ್ಕೆ ಹೋಗಿ ಕೂಡಿಸಿ ಸಾಗಿಸುವ ಖರ್ಚು ದೊಡ್ಡದು, ನಿಜ. ಹಾಗಾಗಿ ಇದ್ದಿಲು ಮಾಡುವ ಮೊದಲ ಕೆಲಸವಾದರೂ ಊರಲ್ಲೇ ಆಗಬೇಕು. ಇದ್ದಿಲು ಹಗುರ, ಲಾರಿ ಬಾಡಿಗೆ ಉಳಿಯುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಆ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಚರ್ಮ ಸುಡುವ ವಸ್ತು. ಮನೆಯಲ್ಲಿ ಯಾರೂ ಪ್ರಯೋಗ ಮಾಡಬೇಡಿ. ತೂತು ಮಾಡಿದ ಮೇಲೆ ಇದ್ದಿಲನ್ನು ಪದೇ ಪದೇ ತೊಳೆಯಬೇಕು, ಆ ನೀರೂ ಕ್ಷಾರ. ಬಿಸಿ ಹಬೆಯಿಂದಲೂ ತೂತು ಮಾಡಬಹುದು, ಆಗ ಈ ಕಾಟ ಇಲ್ಲ. ನಾಳೆ ಯಾರಾದರೂ ನಿಮ್ಮೂರಿಗೆ ಬಂದು ಘಟಕ ಹಾಕುತ್ತೇವೆ, ಜಾಗ ಕೊಡಿ ಎಂದರೆ, ಅವರನ್ನು ಕೂರಿಸಿ ಚಹಾ ಕೊಡಿ. ತೊಳೆದ ನೀರನ್ನು ಎಲ್ಲಿ ಬಿಡುತ್ತೀರಿ ಎಂದು ಕೇಳಿ. ಕಾಲುವೆಗೆ, ಹಳ್ಳಕ್ಕೆ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಸರಿಯಾದ ಉತ್ತರ ಬಂದರೆ ಹೊಲ ತೋರಿಸಲು ಎದ್ದು ಹೋಗಿ.

ನಮಸ್ಕಾರ.