ಡ್ರ್ಯಾಗನ್ ಮೂರು ಸಲ ಬಿದ್ದ ಮೇಲೆ

ಈ ಸದ್ದು ಕೇಳಿಸಿತಾ? ಇನ್ನೊಂದು ಸಲ ಹಾಕುತ್ತೇನೆ, ಕೇಳಿ. ಪಾತ್ರೆ ಬಿದ್ದಿದ್ದಲ್ಲ. ರಾತ್ರಿ ಹನ್ನೊಂದೂವರೆಗೆ ನಮ್ಮ ಊಟದ ಮೇಜಿನಿಂದ ಒಂದು ಡ್ರ್ಯಾಗನ್ ನೆಲಕ್ಕೆ ಬಿದ್ದಿದ್ದು. ಒಳಗಿನಿಂದ "ಮತ್ತೆ ಬಿತ್ತಾ?" ಅಂತ ಒಂದು ದನಿ ಬಂತಲ್ಲ, ಅದು ನನ್ನ ಹೆಂಡತಿ. ಆ "ಮತ್ತೆ" ಅನ್ನೋದನ್ನು ಗಮನಿಸಿ. ಇದು ಎರಡನೇ ಸಲ.

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಯಾಕೆ ವಿಡಿಯೋ ಇಲ್ಲ ಅಂತ ಕೇಳುತ್ತಿದ್ದಿರಿ. ಇದೇ ಕಾರಣ. ಲೆಗೋ ಇಟ್ಟಿಗೆಯಲ್ಲಿ ಒಂದು ಕೋಟೆ, ಅದರ ಮೇಲೆ ಹಾರುತ್ತಿರುವ ಡ್ರ್ಯಾಗನ್, ಕೆಳಗೆ ಒಂದು ಪುಟ್ಟ ಹಳ್ಳಿ. ಡಬ್ಬದ ಸೆಟ್ ಅಲ್ಲ, ಪುಸ್ತಕ ನೋಡಿ ಜೋಡಿಸಿದ್ದೂ ಅಲ್ಲ. ಇದಕ್ಕೆ ನಮ್ಮಂಥವರು 'ಮಾಕ್' ಅನ್ನುತ್ತಾರೆ. ಸ್ವಂತ ತಲೆಯಿಂದ ಕಟ್ಟಿದ್ದು ಅಂತ ಅರ್ಥ. ಹಾಗಾಗಿ ಬಿದ್ದರೆ ಬೈಯೋಕೆ ಬೇರೆ ಯಾರೂ ಸಿಗುವುದಿಲ್ಲ.

ಮೊದಲು ಈ ಡಬ್ಬಗಳನ್ನು ನೋಡಿ. ಬೂದು ಬಣ್ಣದ ಇಟ್ಟಿಗೆ ಇರೋದು ಇಷ್ಟೇ. ಕೋಟೆ ಅಂದರೆ ಬೂದು ಬೇಕೇ ಬೇಕು, ಅದೇ ಇಲ್ಲ. ಹಳದಿ ಮಾತ್ರ ಬೇಕಾದಷ್ಟಿದೆ. ಸಮಾಧಾನಕ್ಕೆ ಒಂದು ವಿಷಯ ಹೇಳುತ್ತೇನೆ. ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿರುವ ಲೆಗೋದವರು 1978ರಲ್ಲಿ ತಂದ ಮೊದಲ ದೊಡ್ಡ ಕೋಟೆಯ ಸೆಟ್ ಕೂಡ ಹಳದಿಯೇ, ಬೆಣ್ಣೆ ಬಿಸ್ಕತ್ತಿನ ಹಾಗೆ. ಬೂದು ಇಟ್ಟಿಗೆ ಕೈಗೆ ಕೊಟ್ಟರೆ ಮಕ್ಕಳು ಯುದ್ಧದ ಟ್ಯಾಂಕ್ ಕಟ್ಟುತ್ತಾರೆ ಅನ್ನೋ ಅಳುಕು ಕಂಪನಿಗಿತ್ತು ಅಂತ ಹೇಳುತ್ತಾರೆ. ಬೂದು ಗೋಡೆಯ ಕೋಟೆ ಬಂದಿದ್ದು 1984ರಲ್ಲಿ. ಅಲ್ಲಿಗೆ ಡ್ರ್ಯಾಗನ್ ಬರೋಕೆ ಇನ್ನೂ ಒಂಬತ್ತು ವರ್ಷ ಹಿಡಿಯಿತು. 1993ರ ಆ ಹಸಿರು ಡ್ರ್ಯಾಗನ್ ಅಚ್ಚಿನಲ್ಲೇ ಬಂದಿತ್ತು, ರೆಕ್ಕೆ ಬಾಲ ಸಿಕ್ಕಿಸಿದರೆ ಮುಗಿಯಿತು. ಬೀಳುವ ಮಾತೇ ಇಲ್ಲ. ನನಗೆ ಅದರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಿದೆ.

ಹೋಗಿ ಬೂದು ಇಟ್ಟಿಗೆ ತಗೊಳ್ಳಬಹುದಲ್ವಾ ಅಂತ ನೀವು ಕೇಳಬಹುದು. ನಮ್ಮಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟಿಗೆ ಹೋಯಿತು, 2023ರಲ್ಲಿ 70 ಆಯಿತು. ಹೊರದೇಶದಿಂದ ಬಿಡಿ ಇಟ್ಟಿಗೆ ತರಿಸುವವನು ಅಕ್ಕಿ ಆರಿಸುವ ಹಾಗೆ ಒಂದೊಂದೇ ಎಣಿಸಿ ಆರ್ಡರ್ ಮಾಡಬೇಕು. ಅದಕ್ಕೇ ಈ ಗೋಪುರದ ಒಳಗೆಲ್ಲ ಹಳದಿ, ಕೆಂಪು, ಯಾವುದೋ ಹಳೇ ಫೈರ್ ಎಂಜಿನ್ನಿನ ತುಂಡುಗಳು. ಹೊರಗಿನ ಒಂದು ಪದರ ಮಾತ್ರ ಬೂದು. ದಯವಿಟ್ಟು ಯಾರಿಗೂ ಹೇಳಬೇಡಿ.

ಸರಿ, ಡ್ರ್ಯಾಗನ್‌ಗೆ ಬರೋಣ. ನಾಲ್ಕು ಕಾಲು, ಎರಡು ರೆಕ್ಕೆ. ಇದು ನನ್ನ ಹಟ. ಎರಡೇ ಕಾಲಿದ್ದರೆ ಅದು ವೈವರ್ನ್, ಡ್ರ್ಯಾಗನ್ ಅಲ್ಲ ಅಂತ ಬ್ರಿಟನ್ನಿನ ಲಾಂಛನ ಬರೆಯುವವರು ಬೇರೆ ಮಾಡಿ ಇಟ್ಟಿದ್ದಾರೆ. ವೇಲ್ಸ್ ದೇಶದ ಬಾವುಟದಲ್ಲಿ ಇರುವ ಕೆಂಪು ಡ್ರ್ಯಾಗನ್‌ಗೂ ನಾಲ್ಕು ಕಾಲು. ಸಿನಿಮಾದವರು ಏನು ಬೇಕಾದರೂ ಮಾಡಿಕೊಳ್ಳಲಿ.

ಹಟ ಮಾಡಿದೆ, ತೂಕ ಬಂತು. ಒಂದು ತುದಿಯಿಂದ ಇನ್ನೊಂದು ತುದಿಗೆ ರೆಕ್ಕೆ 46 ಸ್ಟಡ್. ಸ್ಟಡ್ ಅಂದರೆ ಇಟ್ಟಿಗೆಯ ಮೇಲಿರುವ ಪುಟ್ಟ ಗುಂಡಿ. ಒಂದು ಸ್ಟಡ್‌ನಿಂದ ಇನ್ನೊಂದಕ್ಕೆ 8 ಮಿಲಿಮೀಟರ್, ಅಂದರೆ ಸುಮಾರು 37 ಸೆಂಟಿಮೀಟರ್. ಭುಜಕ್ಕೆ ಬಾಲ್ ಜಾಯಿಂಟ್ ಹಾಕಿದ್ದೆ, ಯಾವ ಕಡೆ ಬೇಕಾದರೂ ತಿರುಗುತ್ತದೆ, ನೋಡೋಕೆ ಚೆನ್ನ. ಆದರೆ ಅದು ನಿಲ್ಲೋದು ಬರೀ ಉಜ್ಜಾಟದ ಬಲದಲ್ಲಿ. ರಾತ್ರಿ ಹೀಗೆ ಹರಡಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮಳೆಯಲ್ಲಿ ನೆಂದ ಕಾಗೆ. ಎರಡು ದಿನ ಹಾಗೇ ಜೋಲುತ್ತಾ ಜೋಲುತ್ತಾ ಮುಂದಕ್ಕೆ ವಾಲಿ ಬಿತ್ತು. ಅದು ಮೊದಲನೆಯದು.

ಆಮೇಲೆ ಕ್ಲಿಕ್ ಹಿಂಜ್ ಹಾಕಿದೆ. ಈ ಸದ್ದು ಕೇಳಿ, ಟಕ್, ಟಕ್, ಟಕ್. ಒಳಗೆ ಹಲ್ಲುಗಳಿವೆ, ಒಂದೊಂದು ಟಕ್‌ಗೂ 22.5 ಡಿಗ್ರಿ. ಮಧ್ಯದಲ್ಲಿ ಎಲ್ಲೂ ನಿಲ್ಲುವುದಿಲ್ಲ, ಹಾಗಾಗಿ ರೆಕ್ಕೆ ಸ್ವಲ್ಪ ಮಿಲಿಟರಿ ಸೆಲ್ಯೂಟ್ ಥರ ಕಾಣುತ್ತದೆ, ಆದರೆ ಜೋಲುವುದಿಲ್ಲ. ರೆಕ್ಕೆ ನಿಂತಿತು, ಈಗ ಕತ್ತು ಭಾರ. ಇಷ್ಟುದ್ದ ಕತ್ತು, ಅದರ ತುದಿಗೆ ತಲೆ. ಹಿಂದಿನಿಂದ ತೂಕ ಬೇಕು ಅಂತ ಸೊಂಟದೊಳಗೆ ಐದು ರೂಪಾಯಿಯ ನಾಣ್ಯ ತುಂಬಿದೆ. ಲೆಗೋ ಬಿಟ್ಟು ಬೇರೇನೂ ಸೇರಿಸಬಾರದು ಅನ್ನೋ ಮಡಿವಂತರು ಇದ್ದಾರೆ, ಅವರು ಈ ಹತ್ತು ಸೆಕೆಂಡ್ ಕಣ್ಣು ಮುಚ್ಚಿಕೊಳ್ಳಿ. ಆರು ನಾಣ್ಯ ಸಾಕಾಗಲಿಲ್ಲ. ಆಗ ಬಿದ್ದಿದ್ದೇ ನೀವು ಶುರುವಿನಲ್ಲಿ ಕೇಳಿದ್ದು.

ತಲೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು, ಯಾಕೆಂದರೆ ಅದಕ್ಕೇ ಹನ್ನೊಂದು ದಿನ ಹೋಯಿತು. ಇಟ್ಟಿಗೆಯನ್ನು ಸುಮ್ನೆ ಒಂದರ ಮೇಲೊಂದು ಪೇರಿಸಿದರೆ ಬರೋದು ಮೆಟ್ಟಿಲು, ಮುಖ ಅಲ್ಲ. ಮುಖ ಬೇಕಾದರೆ ಇಟ್ಟಿಗೆಯನ್ನು ಪಕ್ಕಕ್ಕೆ ಮಲಗಿಸಬೇಕು, ಸ್ಟಡ್ ಮೇಲೆ ನೋಡದೆ ಕೆನ್ನೆಯ ಕಡೆಗೆ ನೋಡಬೇಕು. ಇದನ್ನು 'ಸ್ನಾಟ್' ಅನ್ನುತ್ತಾರೆ. ಹೌದು, ಇಂಗ್ಲಿಷಿನಲ್ಲಿ ಸಿಂಬಳಕ್ಕೂ ಅದೇ ಹೆಸರು. ಹೀಗೆ ಅಡ್ಡ ಮಲಗಿಸಿದ್ದು ಸರಿಯಾಗಿ ಕೂರೋಕೆ ಒಂದು ಲೆಕ್ಕ ಇದೆ. ತೆಳು ಪ್ಲೇಟಿನ ದಪ್ಪ 3.2 ಮಿಲಿಮೀಟರ್. ಐದು ಪ್ಲೇಟ್ ಪೇರಿಸಿದರೆ 16. ಎರಡು ಸ್ಟಡ್ ಅಗಲವೂ 16. ಹಾಗಾಗಿ ಐದು ಪ್ಲೇಟಿನ ಕಟ್ಟನ್ನು ಮಲಗಿಸಿದರೆ ಎರಡು ಸ್ಟಡ್ ಜಾಗದಲ್ಲಿ ಕೂದಲೆಳೆ ಸಂದೂ ಇಲ್ಲದೆ ಕೂರುತ್ತದೆ. ಇದು ಗೊತ್ತಾದ ದಿನ ನಾನು ಆಫೀಸಿನ ಮೀಟಿಂಗಿನಲ್ಲಿ ಕೂತು ಐದಕ್ಕೆ ಎರಡು, ಐದಕ್ಕೆ ಎರಡು ಅಂತ ಬರೆದುಕೊಂಡಿದ್ದೇನೆ.

ಇಷ್ಟೆಲ್ಲ ಮಾಡಿದರೂ ಬಂದಿದ್ದು ಮೊಸಳೆ. ಅಮ್ಮ ಊರಿಂದ ಬಂದಿದ್ದವರು ಕನ್ನಡಕ ಏರಿಸಿ ನೋಡಿ, "ಇದಕ್ಕೆ ಸಿಟ್ಟೇ ಬಂದಿಲ್ಲವಲ್ಲೋ" ಅಂದರು. ಸರಿಯಾದ ಮಾತು. ಹಂಪಿಯ ಕಂಬಗಳಲ್ಲಿರುವ ಯಾಳಿಗಳ ಫೋಟೋ ತೆಗೆದು ನೋಡಿದೆ. ಅಲ್ಲಿ ಕಣ್ಣು ಗುಡ್ಡೆ ಹೊರಗೆ ಬಂದಿದೆ, ಹುಬ್ಬು ಅದರ ಮೇಲೆ ಚಾಚಿಕೊಂಡಿದೆ. ನನ್ನದರಲ್ಲಿ ಹುಬ್ಬೇ ಇರಲಿಲ್ಲ! ಎರಡು ಚಿಕ್ಕ ಇಳಿಜಾರು ತುಂಡುಗಳನ್ನು ಒಂದೇ ಒಂದು ಪ್ಲೇಟಿನಷ್ಟು ಮುಂದೆ ತಂದೆ. ನೋಡಿ, ಮೊದಲು, ಆಮೇಲೆ. ಎರಡೇ ತುಂಡು.

ಮೂರನೇ ಸಲ ಬಿದ್ದಿದ್ದಕ್ಕೆ ಕಾರಣ ಫ್ಯಾನು. ಕರೆಂಟ್ ಹೋಗಿತ್ತು, ಸ್ವಿಚ್ ಆನ್ ಇದೆ ಅನ್ನೋದು ಮರೆತೇ ಹೋಗಿತ್ತು, ಕರೆಂಟ್ ಬಂದ ತಕ್ಷಣ ಫ್ಯಾನ್ ಜೋರಾಗಿ ತಿರುಗಿ ಆ ಅಗಲದ ರೆಕ್ಕೆ ಹಾಯಿ ಥರ ಗಾಳಿ ಹಿಡಿಯಿತು. ಈ ಸಲ ನೆಲಕ್ಕೆ ಬೀಳಲಿಲ್ಲ. ಅರ್ಧ ಕಟ್ಟಿದ್ದ ಗೋಪುರದ ಮೇಲೆ ಬಿತ್ತು. ಮೇಲಿನ ಅಂಚು ಒಡೆದು ಇಟ್ಟಿಗೆ ಚೆಲ್ಲಿತು, ಮುಂಗಾಲು ಎರಡೂ ಒಡೆದ ಜಾಗಕ್ಕೆ ಸಿಕ್ಕಿಕೊಂಡಿತು, ಬಾಲ ಗೋಪುರದ ಆಚೆ ಬದಿಗೆ ಇಳಿಬಿತ್ತು. ನಾನು ಬೈಯೋಕೆ ಬಾಯಿ ತೆರೆದವನು ಹಾಗೇ ನಿಂತುಬಿಟ್ಟೆ. ಡ್ರ್ಯಾಗನ್ ಗಟ್ಟಿಯಾಗಿ ಕೂತಿತ್ತು. ಅಲ್ಲಾಡಿಸಿದರೂ ಅಲುಗಲಿಲ್ಲ.

ಎರಡು ತಿಂಗಳು ಇದನ್ನು ಹಾರಿಸೋಕೆ ಒದ್ದಾಡಿದ್ದೆ. ಅದಕ್ಕೆ ಹಾರೋದು ಬೇಕಾಗಿರಲಿಲ್ಲ. ಬಂದು ಇಳಿಯೋದು ಬೇಕಾಗಿತ್ತು.

ಇಲ್ಲಿಂದ ಎಲ್ಲ ತಿರುಗಿಬಿಟ್ಟಿತು. ಬಾಲವನ್ನು ಗೋಪುರಕ್ಕೆ ಒಂದೂವರೆ ಸುತ್ತು ಸುತ್ತಿದೆ, ಗೋಡೆಯೊಳಗೆ ಕಡ್ಡಿಗಳನ್ನು ಅಡಗಿಸಿ ಉಗುರುಗಳಿಗೆ ಕ್ಲಿಪ್ ಹಾಕಿ ಕಚ್ಚಿಸಿದೆ, ನಾಣ್ಯ ತೆಗೆದೆ. ಮೂವತ್ತು ರೂಪಾಯಿ ವಾಪಸ್! ಒಡೆದ ಅಂಚನ್ನು ರಿಪೇರಿ ಮಾಡಲಿಲ್ಲ. ಚೆಲ್ಲಿದ ಇಟ್ಟಿಗೆಗಳು ಬಿದ್ದಲ್ಲೇ ಇವೆ. ಒಡೆದ ಜಾಗದಲ್ಲಿ ಒಳಗಿನ ಹಳದಿ ಕಾಣುತ್ತಿತ್ತು, ಅಲ್ಲಿ ಮಾತ್ರ ಕಂದು ತುಂಡು ತುಂಬಿದೆ, ಸುಟ್ಟ ತೊಲೆ ಅಂದುಕೊಳ್ಳಿ.

ಗೋಡೆಯ ಬಣ್ಣ ನೋಡಿ. ಮೊದಲು ಎಲ್ಲ ಒಂದೇ ಬೂದು ಹಾಕಿದ್ದೆ, ಹೊಸ ಅಪಾರ್ಟ್‌ಮೆಂಟ್ ಥರ ಇತ್ತು. ತೀರ್ಥಹಳ್ಳಿಯ ನಮ್ಮ ಮನೆ ಗೋಡೆ ನೆನಪಾಯಿತು. ಮಳೆಗಾಲದಲ್ಲಿ ಹಸಿರು ಬುಡದಿಂದ ಏರುತ್ತದೆ, ಕಿಟಕಿಯ ಕೆಳಗೆ ನೀರು ಸೋರಿದಲ್ಲಿ ಉದ್ದ ಗೆರೆ ಬೀಳುತ್ತದೆ. ಯುರೋಪಿನ ಕಲ್ಲುಗೋಡೆಗೂ ನೀರು ನೀರೇ. ಬುಡಕ್ಕೆ ಕಡು ಬೂದು, ಆಲಿವ್ ಹಸಿರು, ಮೇಲೆ ಹೋಗುತ್ತಾ ತಿಳಿ. ಅಲ್ಲಲ್ಲಿ ಒಂದೊಂದು ಇಟ್ಟಿಗೆ ಅರ್ಧ ಸ್ಟಡ್ ಹೊರಗೆ. ಕೈ ನೀಟಾಗಿ ಜೋಡಿಸೋಕೆ ಹೋಗುತ್ತದೆ, ತಡೆಯಬೇಕು.

ಹಳ್ಳಿಯ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಮರದ ಚೌಕಟ್ಟು, ನಡುವೆ ಸುಣ್ಣದ ಗೋಡೆ, ಮಹಡಿ ಬೀದಿಯ ಕಡೆಗೆ ಸ್ವಲ್ಪ ಚಾಚಿದೆ. ಒಂದು ಕಮ್ಮಾರನ ಅಂಗಡಿ, ಒಂದು ಬಾವಿ. ಮೂರು ಕುರಿ ಇದ್ದವು, ಈಗ ಎರಡು. ಮೂರನೆಯದು ಎಲ್ಲಿ ಅಂತ ಡ್ರ್ಯಾಗನ್ ಬಾಯಿ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ.

ಕೊನೆಯ ಶಾಟ್ ತೆಗೆಯುವಾಗ ಫೋನನ್ನು ತಲೆಕೆಳಗು ಮಾಡಿ ಮೇಜಿಗೆ ಒತ್ತಿ ಇಟ್ಟಿದ್ದೇನೆ, ಲೆನ್ಸ್ ನೆಲಕ್ಕೆ ಹತ್ತಿರ ಬರಲಿ ಅಂತ. ಮಿನಿಫಿಗರ್, ಅಂದರೆ ಲೆಗೋದ ಪುಟ್ಟ ಗೊಂಬೆ, ಇರೋದು ನಾಲ್ಕು ಸೆಂಟಿಮೀಟರ್. ಮೇಲಿನಿಂದ ನೋಡಿದರೆ ಆಟಿಕೆ, ಅದರ ಕಣ್ಣಿನ ಎತ್ತರದಿಂದ ನೋಡಿದರೆ ಗೋಪುರ ಆಕಾಶಕ್ಕೆ ಹೋಗುತ್ತದೆ. ಫೋಕಸ್ ಮಾಡುವಾಗಲೇ ಕಂಡಿದ್ದು, ಗೋಪುರದ ಬುಡದಲ್ಲಿ ಚೆಲ್ಲಿದ ಇಟ್ಟಿಗೆಗಳ ಪಕ್ಕ ಒಬ್ಬಳು ಹೆಂಗಸು ನಿಂತಿದ್ದಾಳೆ. ಕೈಯಲ್ಲಿ ಪೊರಕೆ. ಮೇಲೆ ಡ್ರ್ಯಾಗನ್ ಬಂದು ಕೂತಿದ್ದರೂ ಅವಳ ಗಮನವೆಲ್ಲ ಕಸದ ಮೇಲೆ.

ಅವಳನ್ನು ಅಲ್ಲಿ ಇಟ್ಟಿದ್ದು ನಾನಲ್ಲ. ಒಳಗಿನ ರೂಮಿನವರನ್ನು ಕೇಳಿದೆ, ನಕ್ಕರು ಅಷ್ಟೇ. ನಾನೂ ಅವಳನ್ನು ತೆಗೆಯಲಿಲ್ಲ. ಫ್ಯಾನ್ ಮಾತ್ರ ಇವತ್ತಿಗೂ ಹಾಕಿಲ್ಲ, ಸೆಕೆಯಲ್ಲೇ ರೆಕಾರ್ಡ್ ಮಾಡುತ್ತಿದ್ದೇನೆ.