ಹಕ್ಕುಬಾಧ್ಯತೆ ಮತ್ತು ರೈಮೊನ್ ಪಣಿಕ್ಕರ್

ಕೇಳುಗರಿಗೆ ನಮಸ್ಕಾರ.

1954ರಲ್ಲಿ ಯುರೋಪಿನಿಂದ ಕ್ಯಾಥೊಲಿಕ್ ಪಾದ್ರಿಯೊಬ್ಬರು ಭಾರತಕ್ಕೆ ಬಂದರು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ, ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಭಾರತೀಯ ದರ್ಶನಗಳನ್ನು ಓದಲು ಕೂತರು. ಅವರೇ ರೈಮೊನ್ ಪಣಿಕ್ಕರ್. ಹುಟ್ಟಿದ್ದು 1918ರಲ್ಲಿ, ಸ್ಪೇನಿನ ಕ್ಯಾಟಲೋನಿಯಾದ ಬಾರ್ಸಿಲೋನಾದಲ್ಲಿ. ತಾಯಿ ಕ್ಯಾಟಲನ್ ಕ್ಯಾಥೊಲಿಕ್, ತಂದೆ ಮಲಬಾರಿನ ಹಿಂದೂ. 'ಹಾಗಾದರೆ ನೀವು ಅರ್ಧ ಹಿಂದೂ, ಅರ್ಧ ಕ್ರೈಸ್ತರು' ಎಂದರೆ ಅವರು ಒಪ್ಪುತ್ತಿರಲಿಲ್ಲ. ಎರಡೂ ಪೂರ್ತಿ, ಪಾಲು ಮಾಡಲು ಇದೇನು ಜಮೀನೇ?

ತತ್ವಶಾಸ್ತ್ರ, ರಸಾಯನಶಾಸ್ತ್ರ, ದೇವಶಾಸ್ತ್ರ, ಮೂರರಲ್ಲೂ ಡಾಕ್ಟರೇಟ್ ಪಡೆದವರು ಅವರು. ಹಾರ್ವರ್ಡ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಪಾಠ ಹೇಳಿದರು. ಕಾಶಿಯಲ್ಲಿದ್ದು ವರ್ಷಗಟ್ಟಲೆ ದುಡಿದು, ವೇದಮಂತ್ರಗಳನ್ನು ಆಯ್ದು ಇಂಗ್ಲಿಷಿಗೆ ತಂದ 'ಮಂತ್ರಮಂಜರಿ' 1977ರಲ್ಲಿ ಹೊರಬಂತು. 2010ರಲ್ಲಿ ಕ್ಯಾಟಲೋನಿಯಾದ ಬೆಟ್ಟದೂರು ತಾವೆರ್ತೆತ್‌ನಲ್ಲಿ ತೀರಿಕೊಂಡರು.

ಆದರೆ ನನಗೆ ಅವರು ಹತ್ತಿರವಾಗುವುದು ಒಂದು ಪ್ರಶ್ನೆಯಿಂದ. ಮಾನವ ಹಕ್ಕು ಎನ್ನುವುದು ಪಶ್ಚಿಮದ ಕಲ್ಪನೆಯೇ ಎಂದು 1982ರಲ್ಲಿ ಅವರು ಕೇಳಿದರು. ಹಕ್ಕುಗಳನ್ನು ತಳ್ಳಿಹಾಕಲು ಕೇಳಿದ್ದಲ್ಲ. ಪರರ ನುಡಿಯಲ್ಲಿ ನಿಮ್ಮ ಪದಕ್ಕೆ ಸಮಾನಾರ್ಥಕ ಹುಡುಕಿ ಸುಮ್ಮನಾಗಬೇಡಿ, ನಿಮ್ಮಲ್ಲಿ ಆ ಪದ ಮಾಡುವ ಕೆಲಸವನ್ನು ಅವರಲ್ಲಿ ಯಾವುದು ಮಾಡುತ್ತಿದೆ ನೋಡಿ ಎನ್ನುವುದು ಅವರ ದಾರಿ. ಹಾಗೆ ಹುಡುಕುತ್ತ ಹೋದಾಗ ಭಾರತದಲ್ಲಿ ಅವರಿಗೆ ಎದುರಾದದ್ದು ಧರ್ಮ; ಮತ ಎಂಬ ಅರ್ಥದಲ್ಲಲ್ಲ, ಎಲ್ಲವನ್ನೂ ಹಿಡಿದಿಡುವ ನಿಯಮ ಎಂಬ ಅರ್ಥದಲ್ಲಿ. ಅಲ್ಲಿ ಮನುಷ್ಯ ಒಂಟಿಯಲ್ಲ, ಹಕ್ಕಿನ ಬೆನ್ನಿಗೇ ಹೊಣೆಯಿದೆ, ಮನುಷ್ಯನಾಚೆಯ ಜಗತ್ತೂ ಲೆಕ್ಕದಲ್ಲಿದೆ. ಧರ್ಮದ ಹೆಸರಿನಲ್ಲಿ ಒಬ್ಬೊಬ್ಬನನ್ನೂ ತುಳಿದಾಗ ಹಕ್ಕಿನ ಮಾತು ನಮಗೆ ಬೇಕೇ ಬೇಕು ಎಂದು ನಾನು ಸೇರಿಸುತ್ತೇನೆ. ಸಂವಾದವೆಂದರೆ ಎದುರಾಳಿಯನ್ನು ಸೋಲಿಸುವ ವಾದವಲ್ಲ, ಮಾತಿಗೆ ಕೂತ ಮೇಲೆ ನಾನೂ ಬದಲಾಗಬಹುದು ಎಂಬ ಧೈರ್ಯ ಎಂದು ಪಣಿಕ್ಕರ್ ನಂಬಿದ್ದರು. ಅದು ಸುಲಭದ ಧೈರ್ಯವಲ್ಲ.

ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಮೊನ್ನೆ ನಮ್ಮ ಮನೆಯ ಹಳೆಯ ಕ್ರಯಪತ್ರ ತೆಗೆದು ಓದಿದೆ. ಮಡಿಕೆಯಲ್ಲಿ ಹರಿದ ಕಾಗದ. ಅದರಲ್ಲಿ 'ಹಕ್ಕುಬಾಧ್ಯತೆ' ಎಂದು ಒಂದೇ ಪದವಾಗಿ ಬರೆದಿದೆ. 'ಹಕ್ಕು' ಅರಬ್ಬಿಯ 'ಹಕ್'ನಿಂದ ಬಂದದ್ದು. ಅಲ್ಲಿ ಅದಕ್ಕೆ ಸತ್ಯ ಎಂಬ ಅರ್ಥವೂ ಇದೆ. 'ಬಾಧ್ಯತೆ', ಅಂದರೆ ಹೊಣೆ, ಸಂಸ್ಕೃತದ್ದು. ಇವೆರಡನ್ನೂ ನಮ್ಮ ಪತ್ರಬರಹಗಾರರು ಯಾವ ಚರ್ಚೆಯೂ ಇಲ್ಲದೆ ಒಟ್ಟಿಗೆ ಕೂರಿಸಿಬಿಟ್ಟಿದ್ದಾರೆ. ಮೈಸೂರಿನಲ್ಲಿದ್ದಾಗ ಯಾರಾದರೂ ಇಂಥದೊಂದು ಪತ್ರವನ್ನು ಪಣಿಕ್ಕರ್ ಅವರ ಮುಂದೆ ಬಿಡಿಸಿ ಓದಿಸಿದ್ದರೆ ಎಷ್ಟು ಹಿಗ್ಗುತ್ತಿದ್ದರೋ.

ನಮಸ್ಕಾರ.